ಯಾವುದಕ್ಕೆ ತಕ್ಕ ಹಾಗೆ?

ಹೋದ ವಾರ ನಮ್ಮ ಪ್ರಾಂಶುಪಾಲರು ನನ್ನನ್ನು ಕರೆದು, ತೀರಿಕೊಂಡ ನಮ್ಮ ಹಳೆಯ ಮೇಷ್ಟ್ರೊಬ್ಬರ ಬಗ್ಗೆ ಸಂತಾಪ ನಿರ್ಣಯ ಬರೆಯುವ ಕೆಲಸ ಒಪ್ಪಿಸಿದರು. "ಮೇಡಂ, ನೀವೇ ಬರೆದ್ಬಿಡಿ. ನಾನು ಈ ಕಾಲೇಜಿಗೆ ಬರೋ ಹೊತ್ತಿಗೆ ಅವರು ರಿಟೈರ್ ಆಗಿದ್ರು. ನಿಮಗಾದ್ರೆ ಚೆನ್ನಾಗಿ ಗೊತ್ತು. ಒಂದು ಪುಟ ಆದ್ರೆ ಸಾಕು" ಎಂದು ಹೇಳಿ, ಮಾದರಿಗೆ ಇರಲಿ ಎಂದು ಹಳೆಯ ನಿರ್ಣಯಗಳ ಫೈಲನ್ನೂ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ತಿರುವಿ ಹಾಕಿದೆ. ನಮ್ಮ ಕಾಲೇಜಿನಲ್ಲಿ ತೀರಿಕೊಂಡವರೆಲ್ಲರೂ ಅಜಾತಶತ್ರುಗಳು. ಎಲ್ಲರೂ ಶಿಸ್ತಿನ ಸಿಪಾಯಿಗಳು. ಎಲ್ಲರ ಅಗಲಿಕೆಯೂ ತುಂಬಲಾರದ ನಷ್ಟ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದಿದ್ದ ಇಬ್ಬರು ಈ ಫೈಲಿನಲ್ಲಿ ಅಕ್ಕಪಕ್ಕದ ಹಾಳೆಗಳಲ್ಲಿ ಅಜಾತಶತ್ರುಗಳಾಗಿ ಕೂತಿದ್ದಾರೆ. ಓದುತ್ತಾ ಹೋದ ಹಾಗೆ ಆ ಮೇಷ್ಟ್ರ ದನಿ ಕಿವಿಯಲ್ಲೇ ಕೇಳಿದಂತಾಯಿತು. "ಯಾವ್ದಕ್ಕೆ ತಕ್ಕ ಹಾಗೆ ಮೇಡಂ ಇದೆಲ್ಲಾ?"

ಅವರು ನಮ್ಮಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕಾಲೇಜು ಇರುವುದು ಭದ್ರಾವತಿಯಲ್ಲಿ, ಅವರ ಮನೆ ಶಿವಮೊಗ್ಗದ ಕೋಟೆ ಭಾಗದಲ್ಲಿ. ಇಪ್ಪತ್ತೆಂಟು ವರ್ಷ ದಿನಾ ಬಸ್ಸಿನಲ್ಲಿ ಬಂದು ಹೋದರು. ಎತ್ತರದ ಸಣಕಲು ಆಳು, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಮಾತಾಡುವಾಗ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಒಂದನ್ನು ಏರಿಸಿ ಒಂದನ್ನು ಇಳಿಸುವ ಅಭ್ಯಾಸ. ಮಕ್ಕಳು ಅವರಿಗೆ 'ತಕ್ಕಡಿ ಸರ್' ಎಂದು ಹೆಸರಿಟ್ಟಿದ್ದರು. ಅದು ಗೊತ್ತಾದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ತಕ್ಕ ಹೆಸರೇ ಇಟ್ಟಿದಾವೆ" ಎಂದರು.

ಹೆಸರಿಗೆ ಕೈ ಮಾತ್ರ ಕಾರಣವಲ್ಲ, ಒಂದು ಇಂಗ್ಲಿಷ್ ಪದವೂ ಕಾರಣ. ಕಮೆನ್ಶುರೇಟ್. ಎಷ್ಟೋ ಪದಗಳಿರುವ ಆ ಭಾಷೆಯಲ್ಲಿ ಇವರು ಈ ಒಂದನ್ನು ಏಕೆ ಹಿಡಿದುಕೊಂಡರೋ ಎಂದು ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ. ಪ್ರತಿ ವರ್ಷ ಹೊಸ ತರಗತಿಗೆ ಮೊದಲ ದಿನ ಬೋರ್ಡಿನ ಮೇಲೆ ಅದನ್ನು ಬರೆಯುತ್ತಿದ್ದರು. ನನ್ನ ಗಣಿತದ ತರಗತಿ ಪಕ್ಕದ ಕೋಣೆಯಲ್ಲಿ, ನಡುವೆ ಇದ್ದದ್ದು ಹಲಗೆಯ ಗೋಡೆ. ಹಾಗಾಗಿ ಆ ಪಾಠ ನನಗೆ ಬಾಯಿಪಾಠವಾಗಿದೆ.

"ಇದರ ಅರ್ಥ ಏನು? ಡಿಕ್ಷನರಿ ಬೇಡ. ಮನೇಲಿ ಅಮ್ಮ ಮೊಬೈಲಲ್ಲಿ ಅಡುಗೆ ನೋಡ್ತಾರಲ್ಲ, ಕೊನೇಲಿ ಏನಂತಾರೆ? ಉಪ್ಪು...?"

"ರುಚಿಗೆ ತಕ್ಕಷ್ಟು!" ಎಂದು ಇಡೀ ತರಗತಿ ಕೂಗುತ್ತಿತ್ತು.

"ಹಾಂ, ಅದೇ. ಸಾಲ್ಟ್ ಕಮೆನ್ಶುರೇಟ್ ವಿತ್ ಟೇಸ್ಟ್. ಹೀಗೆ ಇಂಗ್ಲೆಂಡಲ್ಲಿ ಯಾರೂ ಹೇಳಲ್ಲ, ಪರೀಕ್ಷೇಲಿ ಬರೆದ್ರೆ ನಾನೇ ಮಾರ್ಕ್ಸ್ ಕೊಡಲ್ಲ. ಆದ್ರೆ ಅರ್ಥ ಮರೆಯಲ್ಲ. ಈಗ ನೋಡಿ, ಇದು ಒಂಟಿಯಾಗಿ ನಿಲ್ಲೋದು ಕಷ್ಟ. ಆದ್ಮೇಲೆ 'ವಿತ್' ಬೇಕು. ಟು ಅಲ್ಲ, ಫಾರ್ ಅಲ್ಲ. ಕನ್ನಡದಲ್ಲೂ ಅಷ್ಟೇ. ಬರೀ 'ತಕ್ಕಷ್ಟು' ಅಂದ್ರೆ ಅರ್ಧ ಮಾತು. ಯಾವ್ದಕ್ಕೆ ತಕ್ಕಷ್ಟು? ರುಚಿಗೆ. ಆ 'ಗೆ' ಇದ್ಯಲ್ಲ, ಅದೇ ಮುಖ್ಯ. ಅದನ್ನ ಹೇಳದೇ ಇರೋನು ಏನೋ ಮುಚ್ಚಿಡ್ತಿದಾನೆ ಅಂತ ತಿಳ್ಕೊಳ್ಳಿ."

ಹೊಸದಾಗಿ ಸೇರಿದಾಗ ನನಗೆ ಇದೊಂದು ದೊಡ್ಡ ತಮಾಷೆಯಾಗಿ ಕಂಡಿತ್ತು. ಅನುಪಾತ ಎಂದರೆ ಗಣಿತದ ಸೊತ್ತು, ಈ ಇಂಗ್ಲಿಷ್ ಮೇಷ್ಟ್ರಿಗೆ ಅದರಲ್ಲಿ ಏನು ಕೆಲಸ ಎಂಬ ಗತ್ತು ನನ್ನದು. ಒಮ್ಮೆ ಕೇಳಿಯೂ ಬಿಟ್ಟೆ. ಅವರು ಅಂಗೈಗಳನ್ನು ಚಾಚಿ, "ನಿಮ್ಮ ಅನುಪಾತದಲ್ಲಿ ಎರಡೂ ಕಡೆ ಸಂಖ್ಯೆ ಇರುತ್ತೆ ಮೇಡಂ. ಆರಾಮ. ನನ್ನ ಪದದಲ್ಲಿ ಎಷ್ಟೋ ಸಲ ಒಂದು ಕಡೆ ಮನುಷ್ಯ ಕೂತಿರ್ತಾನೆ" ಎಂದರು. ಆಗ ನಾನು, ಗಣಿತದಲ್ಲೂ ಒಂದೇ ಅಳತೆಗೆ ಸಿಗದ ಜೋಡಿಗಳಿವೆ, ಚೌಕದ ಬದಿಯನ್ನು ಸರಿಯಾಗಿ ಅಳೆದು ಮುಗಿಸುವ ಯಾವ ಕೋಲೂ ಅದರ ಕರ್ಣವನ್ನು ಸರಿಯಾಗಿ ಅಳೆದು ಮುಗಿಸುವುದಿಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ ಎಂದು ವಿವರಿಸಿದೆ. ಅವರು ಕಣ್ಣರಳಿಸಿ ಕೇಳಿದರು. ಚೀಟಿಯೊಂದರ ಮೇಲೆ ಚೌಕ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡರು. ಗಣಿತ ಕೇಳಿ ಅಷ್ಟು ಖುಷಿಪಟ್ಟ ಇಂಗ್ಲಿಷ್ ಮೇಷ್ಟ್ರನ್ನು ನಾನು ಮತ್ತೆ ಕಂಡಿಲ್ಲ.

ಅವರ ಜೊತೆ ಮಾತಾಡುವುದು ಸುಲಭವಾಗಿರಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಕಡೆ ಎಲ್ಲವೂ 'ಭಯಂಕರ'. ಊಟ ಭಯಂಕರ ಚೆನ್ನಾಗಿತ್ತು, ಸೀರೆ ಭಯಂಕರ ಚಂದ. ನಾನು ಹಾಗೆಂದಾಗಲೆಲ್ಲ ಅವರು ಬಾಗಿಲ ಕಡೆ ನೋಡಿ, "ಹುಲಿ ಬಂತಾ?" ಎನ್ನುತ್ತಿದ್ದರು. ಪ್ರಬಂಧದ ಕೆಳಗೆ ಬೇರೆಯವರು 'ಅತ್ಯುತ್ತಮ' ಎಂದು ಬರೆದರೆ ಇವರು 'ಚೆನ್ನಾಗಿದೆ, ಎರಡನೇ ಪ್ಯಾರಾ ಬಿಟ್ಟು' ಎಂದು ಬರೆಯುತ್ತಿದ್ದರು. ಕ್ಯಾಂಟೀನಿನಲ್ಲಿ ಟೀಗೆ ಅರ್ಧ ಚಮಚ ಸಕ್ಕರೆ. ಅವರಿಗೆ ಶುಗರ್ ಇತ್ತು. ಒಂದು ಕಾಳು ಹೆಚ್ಚಾದರೂ ನಾಲಿಗೆಗೆ ಗೊತ್ತಾಗಿ ಲೋಟ ವಾಪಸ್ಸು ಹೋಗುತ್ತಿತ್ತು. ನನ್ನ ಎತ್ತರಕ್ಕೂ ದನಿಗೂ ಯಾವ ಅನುಪಾತವೂ ಇಲ್ಲ ಎಂದು ಎಲ್ಲರೆದುರು ಹೇಳಿದ್ದರು. ನಾನು ಗಿಡ್ಡಿ, ದನಿ ಮಾತ್ರ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ. ನಿಜವಾದ್ದರಿಂದ ಸುಮ್ಮನಿದ್ದೆ.

ಸುಮ್ಮನಿರಲಾಗದ ದಿನವೂ ಒಂದು ಬಂತು. ವಾರ್ಷಿಕ ಪರೀಕ್ಷೆಗೆ ಮುಂಚಿನ ಪ್ರಿಪರೇಟರಿ ಪರೀಕ್ಷೆ, ನನ್ನದೇ ಗಣಿತದ ಪತ್ರಿಕೆ. ಕೊಠಡಿಯ ಮೇಲ್ವಿಚಾರಣೆಗೂ ನಾನೇ. ಮೂರನೇ ಬೆಂಚಿನ ಹುಡುಗಿಯ ಕಂಪಾಸ್ ಬಾಕ್ಸಿನಲ್ಲಿ ಒಂದು ಚೀಟಿ ಸಿಕ್ಕಿತು. ಬೆರಳಗಲದ ಕಾಗದ, ಅದರಲ್ಲಿ ಒಂದೇ ಒಂದು ಸೂತ್ರ. ಅವಳು ಬೇರೆ ಯಾರೋ ಆಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವಳು ನನ್ನ ಹುಡುಗಿ. ಊರಿನ ಉಕ್ಕಿನ ಕಾರ್ಖಾನೆಯ ಕಡೆಯ ತಮಿಳು ಮನೆಯವಳು, ಕಾಲೇಜು ಬಿಟ್ಟ ಮೇಲೆ ಎರಡು ವರ್ಷ ನಾನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವಳ ಉತ್ತರ ಪತ್ರಿಕೆ ತೋರಿಸಿ ಜಂಬ ಕೊಚ್ಚಿಕೊಂಡಿದ್ದೆ.

"ಬರ್ದಿಟ್ಕೊಂಡಿದ್ದೆ ಮಿಸ್. ನೋಡಿಲ್ಲ ಮಿಸ್. ಆ ಲೆಕ್ಕ ಬಂದೇ ಇಲ್ಲ" ಎಂದು ಅತ್ತಳು. ಆ ಲೆಕ್ಕ ಬಂದಿರಲಿಲ್ಲ, ಅದು ನಿಜ. ಪ್ರಶ್ನೆಪತ್ರಿಕೆ ತೆಗೆದವಳು ನಾನೇ ಅಲ್ಲವೆ? ಆದರೂ ಅವಳ ಕೈಯಿಂದ ಉತ್ತರ ಪತ್ರಿಕೆ ಕಸಿದುಕೊಂಡೆ. ಕಸಿದುಕೊಂಡ ರಭಸಕ್ಕೆ ಹಾಳೆ ಅರ್ಧ ಹರಿದೇ ಹೋಯಿತು.

ಮಾರನೇ ದಿನ ಪ್ರಾಂಶುಪಾಲರ ಕೋಣೆಯಲ್ಲಿ ಸಭೆ. ಆಗಿನ ಪ್ರಾಂಶುಪಾಲರು, ಪರೀಕ್ಷಾ ಸಮಿತಿಯ ಹಿರಿಯರಾಗಿ ಇವರು, ದೂರು ಕೊಟ್ಟವಳಾಗಿ ನಾನು, ಮೂರೇ ಜನ. ಹೊರಗೆ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದರು. ಒಳಗೆ ಹೋಗುವಾಗ ಅವರು ನನ್ನ ಕೈ ಹಿಡಿದು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಈ ವರ್ಷ ಹೋದರೆ ಅವಳಪ್ಪ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿಸುವುದಿಲ್ಲ ಎಂದರು. ನಾನು ಕೈ ಬಿಡಿಸಿಕೊಂಡೆ.

"ವಾರ್ಷಿಕ ಪರೀಕ್ಷೆಗೆ ಕೂರಿಸಬಾರದು ಸರ್. ಒಂದು ವರ್ಷ ಮನೇಲಿರ್ಲಿ. ತಕ್ಕ ಶಾಸ್ತಿ ಆಗ್ಬೇಕು" ಎಂದೆ.

ಪ್ರಾಂಶುಪಾಲರು ಮೆತ್ತನೆಯ ಮನುಷ್ಯ. ಕಾಲೇಜಿನ ನಿಯಮಾವಳಿಯ ಪುಸ್ತಕ ತೆರೆದು, "ನನಗೂ ಕಷ್ಟ ಅನ್ಸುತ್ತೆ. ಆದ್ರೆ ನೋಡಿ, ಇಲ್ಲಿ ಸ್ಪಷ್ಟವಾಗಿದೆ. 'ಪರೀಕ್ಷೆಯಲ್ಲಿ ಅಕ್ರಮ ಎಸಗಿದವರಿಗೆ ಅಪರಾಧಕ್ಕೆ ತಕ್ಕ ಕಠಿಣ ಶಿಕ್ಷೆ ವಿಧಿಸತಕ್ಕದ್ದು.' ಕಠಿಣ ಅಂತ ಇದ್ಮೇಲೆ ವಾರ್ನಿಂಗ್ ಕೊಟ್ಟು ಬಿಡೋ ಹಾಗಿಲ್ಲ" ಎಂದರು.

ಇಂಗ್ಲಿಷ್ ಮೇಷ್ಟ್ರು ಆ ಪುಟದ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅಂಗೈಗಳು ಅವತ್ತು ಮೇಲೆದ್ದಿರಲಿಲ್ಲ, ಮೊಣಕಾಲ ಮೇಲೇ ಇದ್ದವು.

"ಮೇಡಂ, ಯಾವ್ದಕ್ಕೆ ತಕ್ಕ ಶಾಸ್ತಿ? ಚೀಟಿಗಾ? ನಿಮ್ಮ ಕೋಪಕ್ಕಾ?"

ನನಗೆ ಮುಖಕ್ಕೆ ನೀರು ಎರಚಿದಂತಾಯಿತು. "ಏನ್ ಸರ್ ಹೀಗಂತೀರಾ? ಕದ್ದಿದ್ದು ಕದ್ದಿದ್ದೇ ತಾನೇ?" ಎಂದು ನನ್ನ ಬಸ್ ಸ್ಟ್ಯಾಂಡ್ ದನಿಯಲ್ಲೇ ಕೇಳಿದೆ.

"ಕದ್ದಿದ್ದು ಹೌದು. ನಾನು ಬೇಡ ಅಂದ್ನಾ? ನಿಮ್ಮ ಹುಡುಗಿ ಅಲ್ದೆ ಬೇರೆ ಹುಡುಗಿ ಆಗಿದ್ರೆ ಎಷ್ಟು ಶಿಕ್ಷೆ ಕೇಳ್ತಿದ್ರಿ? ಅಷ್ಟು ಹೇಳಿ ಸಾಕು."

ನಾನು ಪ್ರಾಂಶುಪಾಲರ ಕೈಯಲ್ಲಿದ್ದ ಪುಸ್ತಕದ ಕಡೆ ಬೆರಳು ತೋರಿಸಿದೆ. ಉತ್ತರ ಗೊತ್ತಿತ್ತು, ಅದಕ್ಕೇ ಹಾಗೆ ಮಾಡಿದೆ.

ಆಗ ಅವರು ಪ್ರಾಂಶುಪಾಲರ ಕೈಯಿಂದ ಪುಸ್ತಕ ತೆಗೆದುಕೊಂಡರು. "ಸರ್, ಇದು ಮೊದಲು ಇಂಗ್ಲಿಷಲ್ಲಿತ್ತು. ಅಲ್ಲಿರೋದು 'ಕಮೆನ್ಶುರೇಟ್ ವಿತ್ ದಿ ಅಫೆನ್ಸ್' ಅಂತ ಅಷ್ಟೇ. ಕಠಿಣ ಅನ್ನೋ ಮಾತೇ ಇಲ್ಲ. ಕನ್ನಡಕ್ಕೆ ಮಾಡಿದೋನು ನಾನು. 'ತಕ್ಕ ಶಿಕ್ಷೆ' ಅಂತ ಬರೆದೆ, ಯಾಕೋ ಬೋಳು ಬೋಳು ಕಾಣಿಸ್ತು. ಓದೋಕೆ ತೂಕ ಬರ್ಲಿ ಅಂತ ಆ ಪದ ನಾನೇ ಸೇರಿಸ್ದೆ. ಆಗ ವಯಸ್ಸು ಮೂವತ್ನಾಲ್ಕು. ಭಾಷೆ ಚೆನ್ನಾಗಿ ಬರುತ್ತೆ ಅಂತ ಸೊಕ್ಕು."

ಪ್ರಾಂಶುಪಾಲರು ಕನ್ನಡಕ ತೆಗೆದಿಟ್ಟರು. "ಇಷ್ಟು ವರ್ಷ ಹೇಳ್ಲಿಲ್ವಲ್ಲ ಮಾರಾಯ್ರೇ!"

"ಹೇಳೋ ಸಮಯ ಒಂದು ಬಂದಿತ್ತು. ಇದೇ ಕೋಣೆ. ಒಬ್ಬ ಹುಡುಗ ಪಕ್ಕದವನ ಪತ್ರಿಕೆ ಇಣುಕಿ ನೋಡಿದ್ದ. ಅವತ್ತಿನ ಪ್ರಿನ್ಸಿಪಾಲರು ಈ ವಾಕ್ಯನೇ ಓದಿ, ಕಠಿಣ ಅಂತ ಇದೆ ಅಂತ ಒಂದು ವರ್ಷ ಹೊರಗೆ ಹಾಕಿದ್ರು. ಅದು ನನ್ನ ಪದ, ಮೂಲದಲ್ಲಿ ಇಲ್ಲ ಅಂತ ನಾನು ಹೇಳ್ಬಹುದಿತ್ತು. ಹೇಳ್ಲಿಲ್ಲ. ಇಂಗ್ಲಿಷ್ ಮೇಷ್ಟ್ರಿಗೆ ಭಾಷಾಂತರ ಬರಲ್ಲ ಅಂತ ಅಂದ್ಕೊಂಡ್ರೆ? ಆ ಹುಡುಗ ವಾಪಸ್ ಬರ್ಲೇ ಇಲ್ಲ. ನಮ್ಮ ಕೋಟೇಲೇ ಪೂಜಾ ಸಾಮಾನಿನ ಅಂಗಡಿ ಇಟ್ಟಿದಾನೆ. ಬಸ್ಸಿಗೆ ಹೋಗೋವಾಗ ದಿನಾ ಅವನ ಅಂಗಡಿ ಮುಂದೆ ಹಾಯ್ದು ಹೋಗ್ಬೇಕು. ಎದ್ದು ನಿಂತು ನಮಸ್ಕಾರ ಸರ್ ಅಂತಾನೆ. ಆ ನಮಸ್ಕಾರಕ್ಕೆ ನಾನು ತಕ್ಕವನಲ್ಲ."

ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. "ಅಡುಗೆಮನೇಲಿ ತಕ್ಕಷ್ಟು ಅಂದ್ರೆ ಸ್ವಲ್ಪ ಕಡಿಮೆನೇ ಹಾಕ್ತೀವಿ. ಬೇಕಾದ್ರೆ ಆಮೇಲೆ ಸೇರಿಸ್ಬಹುದು, ಜಾಸ್ತಿಯಾದ್ರೆ ತೆಗೆಯೋಕಾಗಲ್ಲ ಅಂತ ಗೊತ್ತು. ಶಿಕ್ಷೆ ಅಂದ ತಕ್ಷಣ ಅದೇ ಪದಕ್ಕೆ ಕೈ ತುಂಬಾ ಸುರೀತೀವಿ. ಅಲ್ಲಿಂದಲೂ ತೆಗೆಯೋಕಾಗಲ್ಲ, ಮೇಡಂ."

ಪ್ರಾಂಶುಪಾಲರು ನನ್ನತ್ತ ನೋಡಿದರು. ದೂರು ಕೊಟ್ಟವಳು ನಾನು, ನಾನು ಹಟ ಹಿಡಿದರೆ ಆ ವರ್ಷ ಹೋಗುತ್ತಿತ್ತು. ಕರಗಿಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗಿನ್ನೂ ಸಿಟ್ಟೇ ಇತ್ತು, ಈಗ ಅವರ ಮೇಲೂ ಸೇರಿ. ಆದರೆ ಆ ಸಿಟ್ಟಿಗೂ ಬೆರಳಗಲದ ಚೀಟಿಗೂ ತಾಳೆಯಾಗುವುದಿಲ್ಲ ಎಂಬುದು ಗಣಿತ ಕಲಿಸುವವಳಿಗೆ ಕಾಣದೆ ಇರುತ್ತದೆಯೇ? "ಆ ಪತ್ರಿಕೆಗೆ ಸೊನ್ನೆ ಹಾಕಿ. ಹಾಲ್ ಟಿಕೆಟ್ ಕೊಡಿ" ಎಂದು ಹೇಳಿ ಎದ್ದು ಬಂದೆ. ಹೊರಗೆ ಆ ತಾಯಿ ನನ್ನ ಕಾಲಿಗೆ ಬೀಳಲು ಬಂದರು. ಹಾಲ್ ಟಿಕೆಟ್ ಕೊಡಿ ಎಂದ ನನ್ನ ದನಿ ಹೊರಗೂ ಕೇಳಿತ್ತು, ಪಾರು ಮಾಡಿದವಳು ನಾನೇ ಎಂದುಕೊಂಡಿದ್ದರು. ನಾನು ಅಲ್ಲ ಎನ್ನಲಿಲ್ಲ.

ಅವತ್ತಿನಿಂದ ಒಂದು ತಿಂಗಳು ಅವರನ್ನು ಮಾತಾಡಿಸಲಿಲ್ಲ. ನನ್ನೊಳಗನ್ನು ಇನ್ನೊಬ್ಬರ ಎದುರಿಗೆ ಹೇಳಿದರಲ್ಲ, ಆ ಉರಿ. ಅವರು ಮಾತ್ರ ನಿಯಮಾವಳಿಯ ಪುಸ್ತಕ ಎಲ್ಲೆಲ್ಲಿ ಇದೆಯೋ ಹುಡುಕಿಕೊಂಡು ಹೋದರು. ಆಫೀಸು, ಗ್ರಂಥಾಲಯ, ಆಫೀಸಿನ ಮೇಲಿನ ಅಟ್ಟ. ಪ್ರತಿಯೊಂದರಲ್ಲೂ 'ಕಠಿಣ'ದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಪಕ್ಕದಲ್ಲಿ ಪುಟ್ಟ ಸಹಿ ಹಾಕಿದರು. ನನ್ನ ಮೇಜಿನ ಡ್ರಾಯರಿನಲ್ಲಿದ್ದ ಪ್ರತಿಗೂ ಗೆರೆ ಬಿದ್ದಿತ್ತು. ಕೆಲಸಕ್ಕೆ ಸೇರಿದ ದಿನ ಕೊಟ್ಟಿದ್ದ ಆ ಪುಸ್ತಕವನ್ನು ನಾನು ತೆರೆದದ್ದೇ ಆ ಗೆರೆ ನೋಡಲು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ತಂದು ನನ್ನ ಮುಂದಿಟ್ಟರು. ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣ.

"ಏನಿದು ಸರ್?"

"ಉಪ್ಪು. ನಮ್ಮ ಮನೆಯವ್ರಿಗೆ ಹೇಳಿ ಕಡಿಮೆನೇ ಹಾಕಿಸಿದೀನಿ. ಸಿಟ್ಟು ಇನ್ನೂ ಎಷ್ಟಿದ್ಯೋ ಗೊತ್ತಿಲ್ಲ ನೋಡಿ, ಅದಕ್ಕೆ ತಕ್ಕಷ್ಟು ನೀವೇ ಸೇರಿಸ್ಕೊಳ್ಳಿ ಮಾರಾಯ್ತಿ."

ಮಾರಾಯ್ತಿ ಎಂದದ್ದು ಅದೇ ಮೊದಲು. ನಕ್ಕುಬಿಟ್ಟೆ. ತಿನ್ನುತ್ತಾ ಕೇಳಿದೆ. "ಆ ಅಂಗಡಿಯವನಿಗೆ ಹೇಳಿದ್ರಾ ಸರ್?"

ಅವರು ಜೇಬಿನಿಂದ ಹಳೆಯ ಚೀಟಿ ತೆಗೆದರು. ನಾನು ಬರೆದುಕೊಟ್ಟಿದ್ದ ಚೌಕ, ಅದರ ಕರ್ಣ. ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಿತ್ತು. "ಏನಂತ ಹೇಳ್ಲಿ? ಸಾರಿ ಅನ್ಲಾ? ಅವನ ಒಂದು ವರ್ಷಕ್ಕೂ ನನ್ನ ಒಂದು ಮಾತಿಗೂ ಒಂದೇ ಕೋಲು ಸಿಕ್ತಿಲ್ಲ" ಎಂದರು. ಆ ಪದವನ್ನು ಅವರು ಅಷ್ಟು ವರ್ಷ ಏಕೆ ಹಿಡಿದುಕೊಂಡಿದ್ದರೆಂದು ನನಗೆ ತಿಳಿದದ್ದು ಅವತ್ತು. ಮಕ್ಕಳಿಗೆ ಪಾಠ ಹೇಳುವ ನೆಪದಲ್ಲಿ ಪ್ರತಿ ವರ್ಷ ತಮ್ಮನ್ನೇ ಬೋರ್ಡಿನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು.

ನಿವೃತ್ತಿಯ ದಿನ ಬೀಳ್ಕೊಡುಗೆ ಪತ್ರದಲ್ಲಿ ಅವರನ್ನು ಜ್ಞಾನಸಾಗರ ಎಂದು ಕರೆದಾಗ ನನ್ನ ಕಿವಿಯಲ್ಲಿ, "ಕೋಟೆ ಹತ್ರ ಹರಿಯೋ ತುಂಗಾ ಹೊಳೆನೂ ಈಜಿ ಗೊತ್ತಿಲ್ಲ ನನಗೆ" ಎಂದರು. ಆಮೇಲೆ ಇನ್ನೊಂದು ಮಾತು. "ನಾನು ಹೋದ್ಮೇಲೆ ನಿರ್ಣಯ ನಿಮ್ಮ ಕೈಲೇ ಬರೆಸ್ತಾರೆ. ತುಂಬಲಾರದ ನಷ್ಟ ಅಂತ ಮಾತ್ರ ಬರೀಬೇಡಿ. ಇಂಗ್ಲಿಷ್ ಮೇಷ್ಟ್ರು ಹೋದ್ರೆ ಜೂನಿಗೆ ಇನ್ನೊಬ್ರು ಬರ್ತಾರೆ. ತುಂಬುತ್ತೆ."

ಸುದ್ದಿ ಬಂದ ದಿನ ಬೆಳಿಗ್ಗೆ ಕೋಟೆಗೆ ಹೋದೆ. ಮನೆಯ ಮುಂದೆ ಜನ ಅಷ್ಟೇನೂ ಇರಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ಒಂದು ಪೂಜಾ ಸಾಮಾನಿನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಕೆಳಗೆ ಮೆಟ್ಟಿಲ ಮೇಲೆ ನಲವತ್ತು ದಾಟಿದ ಒಬ್ಬರು ಕೂತಿದ್ದರು. ನನ್ನ ಕೊರಳಿನ ಕಾಲೇಜಿನ ಗುರುತಿನ ಚೀಟಿ ನೋಡಿ ಎದ್ದು ನಿಂತು, "ಸರ್ ಮನೆಯಿಂದ ಬಂದ್ರಾ ಮೇಡಂ?" ಎಂದರು. ಯಾರೆಂದು ಗೊತ್ತಾಯಿತು.

"ಅವರು ನಿಮ್ಮ ಹತ್ರ ಏನಾದ್ರೂ ಮಾತಾಡಿದ್ರಾ?" ಎಂದು ಕೇಳಿಯೇಬಿಟ್ಟೆ.

"ಹೋದ ದೀಪಾವಳಿ ಕಳೆದ್ಮೇಲೆ ಬಂದಿದ್ರು ಮೇಡಂ. ದಿನಾ ಹೊರಗಿಂದ ಹೋಗೋರು ಅವತ್ತು ಒಳಗೆ ಬಂದು ಸ್ಟೂಲ್ ಮೇಲೆ ಕೂತ್ರು. ಒಂದು ಪುಸ್ತಕ ತೆಗೆದು, ಗೆರೆ ಹೊಡೆದಿರೋ ಪದ ತೋರಿಸಿ, ಇದು ನನ್ನ ತಪ್ಪು, ಇದರಿಂದ ನಿನ್ನ ಓದು ಹೋಯ್ತು ಅಂದ್ರು. ಅಷ್ಟೇ. ಕಣ್ಣಲ್ಲಿ ನೀರು. ಸಿಟ್ಟು ಬರ್ಲಿಲ್ಲ ಅಂದ್ರೆ ಸುಳ್ಳು ಮೇಡಂ, ಬಂತು. ಆದ್ರೂ ಎದುರಿಗೆ ಕೂತಿದಾರಲ್ಲ, ಟೀ ತರಿಸ್ದೆ. ಶುಗರ್ ಇದೆ ಅಂತ ಗೊತ್ತಿತ್ತು. ಸಕ್ಕರೆ ಎಷ್ಟು ಸರ್ ಅಂತ ಕೇಳ್ದೆ."

"ಅರ್ಧ ಚಮಚ ಅಂದಿರ್ಬೇಕು."

"ಇಲ್ಲ ಮೇಡಂ. ನೀನು ಕೊಟ್ಟಷ್ಟು ಅಂದ್ರು."

ಬಸ್ ಸ್ಟ್ಯಾಂಡಿನವರೆಗೆ ಹೇಗೆ ನಡೆದುಕೊಂಡು ಬಂದೆನೋ ತಿಳಿಯದು. ರಸ್ತೆಯಲ್ಲಿ ಅಳುವುದು ನನ್ನ ಜಾಯಮಾನವಲ್ಲ. ಅವತ್ತು ಅತ್ತೆ.

ಆ ಹುಡುಗಿ ಈಗ ಶಿವಮೊಗ್ಗದ ಪಕ್ಕದ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾಳೆ. ಪ್ರಯಾಣಿಕರ ಪೆಟ್ಟಿಗೆ ತೂಗಿ ಚೀಟಿ ಅಂಟಿಸುತ್ತಾಳೆ. ಪ್ರತಿ ಶಿಕ್ಷಕರ ದಿನಾಚರಣೆಗೆ ನನಗೆ ಫೋನು ಮಾಡಿ, "ನೀವು ಅವತ್ತು ಕ್ಷಮಿಸದೇ ಇದ್ದಿದ್ರೆ ನಾನು ಇಲ್ಲಿರ್ತಿರ್ಲಿಲ್ಲ ಮಿಸ್" ಎನ್ನುತ್ತಾಳೆ. ನಾನೂ ಇಷ್ಟು ವರ್ಷ, "ಇರ್ಲಿ ಬಿಡಮ್ಮ" ಎಂದುಕೊಂಡು ಬಂದಿದ್ದೇನೆ. ನಿನ್ನೆ ನಾನೇ ಫೋನು ಮಾಡಿ ಸೋಮವಾರದ ಸಂತಾಪ ಸಭೆಗೆ ಬಾ ಎಂದು ಕರೆದೆ. ನಿರ್ಣಯದ ಮೂರನೆಯ ವಾಕ್ಯ ಅವಳೆದುರಿಗೇ ಓದಬೇಕಾಗಿದೆ.

ನಿರ್ಣಯವನ್ನು ಇವತ್ತು ಬರೆದು ಮುಗಿಸಿದೆ. ನಾಲ್ಕೇ ವಾಕ್ಯ. 'ನಮ್ಮ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವರು ತೀರಿಕೊಂಡಿದ್ದಾರೆ. ಅವರು ಒಂದು ತಪ್ಪು ಮಾಡಿದ್ದರು, ಅದನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದರಿಂದ ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷ ಉಳಿಯಿತು; ಆ ವರ್ಷವನ್ನು ಕಿತ್ತುಕೊಳ್ಳಲು ಹೊರಟಿದ್ದವಳು ಈ ನಿರ್ಣಯ ಬರೆದ ನಾನು. ಅವರಿಲ್ಲದೆ ನಮಗೆ ಬೇಸರವಾಗಿದೆ.'

ಪ್ರಾಂಶುಪಾಲರು ಎರಡು ಸಲ ಓದಿದರು. ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೋ ಎಂದೂ ನೋಡಿದರು. ಕೊನೆಗೆ ಸಂಕೋಚದಿಂದ, "ಚೆನ್ನಾಗಿದೆ ಮೇಡಂ. ಆದ್ರೆ ಯಾಕೋ ಬೋಳು ಬೋಳು ಅನ್ಸುತ್ತೆ. ಸ್ವಲ್ಪ ತೂಕ ಬರೋ ಹಾಗೆ ಒಂದು ಪದ ಸೇರಿಸೋಣ್ವಾ?" ಎಂದರು.

"ಬೇಡ ಸರ್" ಎಂದೆ. "ಅವರೂ ಒಂದೇ ಪದ ಸೇರಿಸಿದ್ದು."